ಏಳನೇ ಬಾವಿಗೆ ಎರಡು ಸುತ್ತು

ಆ ತೈಲಬಾವಿಗಳ ಎಂಜಿನಿಯರನಿಗೆ ನಿಧಾನಪ್ಪ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಬಾವಿಯನ್ನು ಹಿಂಡಬೇಡಿ, ಅವಸರಪಟ್ಟರೆ ಎಣ್ಣೆಯ ಅಡಿಯಲ್ಲಿರುವ ನೀರು ದಾರಿ ಮಾಡಿಕೊಂಡು ಮೇಲೆ ನುಗ್ಗುತ್ತದೆ, ಆಮೇಲೆ ಉಳಿದ ಎಣ್ಣೆ ಯಾರಿಗೂ ದಕ್ಕದೆ ನೆಲದೊಳಗೇ ಕೂತುಬಿಡುತ್ತದೆ ಎಂದು ಇಪ್ಪತ್ತೆರಡು ವರ್ಷದಿಂದ ಹೇಳಿದ್ದೇ ಹೇಳಿದ್ದು. ಮನೆಯಲ್ಲೂ ಅದೇ ಪುರಾಣ. ಹೆಂಡತಿ ಒಲೆಯ ಉರಿ ಜೋರು ಮಾಡಿದರೆ ಸಾಕು, ಹಿಂದೆ ಬಂದು ನಿಂತು ತಗ್ಗಿಸುತ್ತಿದ್ದ.

"ಇನ್ಮೇಲೆ ಒಲೆ ಹಚ್ಚೋದೇ ಬೇಡ ಬಿಡಿ," ಅನ್ನುತ್ತಿದ್ದಳು ಅವಳು. "ನಿಮ್ಮ ಭಾಷಣದ ಬಿಸಿಗೇ ಎಲ್ಲಾ ಬೇಯುತ್ತೆ."

ಇಂಥವನಿಗೆ ಕೇಂದ್ರ ಕಚೇರಿಯಿಂದ ಕರೆ ಬಂತು. 'ಹೆಚ್ಚುತ್ತಿರುವ ಬೇಡಿಕೆ, ನಮ್ಮ ಜವಾಬ್ದಾರಿ' ಎಂಬ ವಿಷಯದ ಮೇಲೆ ಭಾಷಣ ಮಾಡಬೇಕಂತೆ. ಅದೇ ಕರೆಯಲ್ಲಿ ದೊಡ್ಡ ಸಾಹೇಬರು ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು.

"ಜಗತ್ತೆಲ್ಲ ಎಣ್ಣೆ ಎಣ್ಣೆ ಅಂತಿದೆ. ಏಳನೇ ಬಾವಿ ವಾಲ್ವ್ ಎರಡು ಸುತ್ತು ಜಾಸ್ತಿ ತೆಗೀರಿ. ಹೊಸ ಅಂಕಿನ ನೀವೇ ಭಾಷಣದಲ್ಲಿ ಹೇಳಬಹುದು."

ಏಳನೆಯದು ಅವನ ಮುದ್ದಿನ ಬಾವಿ. ಹದವಾಗಿ ತೆಗೆದರೆ ಇನ್ನೂ ಹದಿನೈದು ವರ್ಷ ಬಾಳುತ್ತದೆಂದು ಅವನೇ ಅಂದಾಜು ಮಾಡಿದ್ದ. ಆಗದು ಎನ್ನಬೇಕಿತ್ತು. ಆದರೆ ವೇದಿಕೆ, ಮೈಕು, ಮುಂದಿನ ಸಾಲಿನ ಕುರ್ಚಿಗಳು ಕಣ್ಣಿಗೆ ಕಟ್ಟಿ, ನಾಲಿಗೆ ತಾನಾಗಿಯೇ "ಆಯ್ತು ಸಾರ್" ಅಂದಿತು. ಬೆನ್ನುಮೂಳೆ ಇರಬೇಕಾದ ಜಾಗದಲ್ಲಿ ತನಗೆ ಏನಿದೆಯೋ ಎಂದು ಅವನಿಗೇ ಅನುಮಾನ ಬಂತು. ವಾಲ್ವ್ ತಿರುಗಿಸಿದ್ದೂ ಅವನೇ.

ನಾಲ್ಕನೇ ದಿನ ಭಾಷಣ. ಹೊರಡುವ ಮುನ್ನ ಬಾವಿಯ ಸ್ಯಾಂಪಲ್ ನೋಡಿ ಅಂಕಿ ಬರೆಯಬೇಕಿತ್ತು. ಬಾಟಲಿಗೆ ಹಿಡಿದ ಎಣ್ಣೆಯನ್ನು ಅರ್ಧ ಗಂಟೆ ಅಲುಗಿಸದೆ ಇಟ್ಟರೆ ಮಾತ್ರ ನೀರು ತಳಕ್ಕಿಳಿದು ಗೆರೆ ಕಾಣುತ್ತದೆ. ಅದಕ್ಕೆ ಮೊದಲು ಎಲ್ಲವೂ ಎಣ್ಣೆಯಂತೆಯೇ ಕಪ್ಪಗಿರುತ್ತದೆ. ಹೊಸಬರಿಗೆ ಅವನು ಹೇಳಿಕೊಡುವ ಮೊದಲ ಪಾಠವೇ ಇದು. ಹೊರಗೆ ಕಾರಿನ ಹಾರ್ನ್ ಕೇಳಿತು. ಐದೇ ನಿಮಿಷಕ್ಕೆ ಬಾಟಲಿ ಎತ್ತಿ ನೋಡಿ, 'ನೀರು ನೂರಕ್ಕೆ ನಾಲ್ಕು' ಎಂದು ಬರೆದ. ಬಾವಿ ನೋಡಿಕೊಳ್ಳುವ ಹೆಂಗಸು, ಎಲ್ಲರೂ ಅಕ್ಕ ಎಂದು ಕರೆಯುವವಳು, ಬಾಯಿ ತೆರೆಯುವಷ್ಟರಲ್ಲಿ ಅವನು ಕಾರಿನಲ್ಲಿದ್ದ.

ಭಾಷಣ ಭರ್ಜರಿಯಾಯಿತು. 'ಅತಿ ಆಸೆ ಗತಿ ಕೇಡು' ಎಂದಾಗ ಚಪ್ಪಾಳೆ. ಏಳನೇ ಬಾವಿಯ ಹೊಸ ಅಂಕಿ ಹೇಳಿದಾಗ ಇನ್ನೂ ಜೋರು ಚಪ್ಪಾಳೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ಹಿರಿಯರು ಗಾದೆ ಕಟ್ಟಿದ್ದು ಇಂಥವರನ್ನು ನೋಡಿಯೇ ಇರಬೇಕು. ಅವನಂತೂ ಆ ಹೊತ್ತು ಬದನೆಕಾಯಿಯನ್ನು ಬಾಯಿ ಚಪ್ಪರಿಸಿಕೊಂಡೇ ತಿಂದ.

ಸಂಜೆ ಮರಳಿದಾಗ ಅಕ್ಕ ಅದೇ ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಮೂರರಲ್ಲಿ ಒಂದು ಪಾಲು ನೀರು.

"ನಾನು ಅರ್ಧ ಗಂಟೆ ಕಾದೆ ಸಾರ್," ಅಂದಳು. "ಆಮೇಲೆ ಫೋನ್ ಮಾಡಿದೆ. ನಿಮ್ಮದು ಆಫ್ ಇತ್ತು."

"ಭಾಷಣದಲ್ಲಿದ್ದೆ ಅಕ್ಕ. ವಾಲ್ವ್ ನೀವೇ ತಗ್ಗಿಸಬಾರದಿತ್ತಾ?"

"ನಿಮ್ಮ ಸಹಿ ಇಲ್ದೆ ಯಾರೂ ಮುಟ್ಟಬಾರದು ಅಂತ ನೀವೇ ಬೋರ್ಡ್ ಹಾಕ್ಸಿದೀರಲ್ಲ."

ಅವನು ಓಡಿಹೋಗಿ ಎರಡು ಸುತ್ತು ಹಿಂದಕ್ಕೆ ತಿರುಗಿಸಿದ. ಹೊಸ ಸ್ಯಾಂಪಲ್ ಹಿಡಿದು ಗಡಿಯಾರದ ಮುಂದೆ ಕೂತ. ನೀರಿನ ಗೆರೆ ಮತ್ತೆ ಅಲ್ಲಿಗೇ ಬಂದು ನಿಂತಿತು. ಒಮ್ಮೆ ದಾರಿ ಕಂಡ ನೀರು ಹಿಂದೆ ಹೋಗುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಉಳಿಸಬೇಕು ಎಂದು ಊರಿಗೆಲ್ಲ ಸಾರಿದವನು ಹದಿನೈದು ವರ್ಷ ಬಾಳಬೇಕಿದ್ದ ಬಾವಿಯನ್ನು ನಾಲ್ಕೇ ದಿನದಲ್ಲಿ ಕೆಡಿಸಿ ಕೂತಿದ್ದ. ನಾಚಿಕೆಗಿಂತ ದುಃಖವೇ ಹೆಚ್ಚಾಯಿತು.

ಆಗಲೇ ದೊಡ್ಡ ಸಾಹೇಬರ ಫೋನು.

"ನಿಮ್ಮ ಭಾಷಣ ಅಚ್ಚು ಹಾಕ್ಸಿ ಎಲ್ಲಾ ಬಾವಿಗೂ ಕಳಿಸ್ತಿದೀವಿ. ಏನಾದ್ರೂ ಸೇರಿಸೋದಿದೆಯಾ?"

"ಒಂದು ಸಾಲಿದೆ ಸಾರ್. ಇಷ್ಟೆಲ್ಲ ಹೇಳಿದವನೇ ವಾಲ್ವ್ ಎರಡು ಸುತ್ತು ಜಾಸ್ತಿ ತೆಗೆದ, ಅರ್ಧ ಗಂಟೆ ಕಾಯ್ಲಿಲ್ಲ, ಏಳನೇ ಬಾವಿಗೆ ನೀರು ನುಗ್ಗಿಸಿದ ಅಂತ."

ಸಾಹೇಬರು ಜೋರಾಗಿ ನಕ್ಕರು. "ನಿಮ್ಮನ್ನ ನೀವೇ ಗೇಲಿ ಮಾಡ್ಕೊಳೋದ್ರಲ್ಲಿ ನಿಮಗೆ ಯಾರೂ ಸಾಟಿ ಇಲ್ಲ ಕಣ್ರೀ."

"ಬರ್ಕೊಳಿ ಸಾರ್," ಅಂದು ಅವನು ಅದೇ ಸಾಲನ್ನು ಒಂದೊಂದೇ ಪದವಾಗಿ ಮತ್ತೆ ಹೇಳಿದ. ಆ ಕಡೆಯ ನಗು ನಿಂತಿತು.