ಖಾಲಿಯಲ್ಲದ ಉಂಗುರಗಳು

ಆಸ್ಪತ್ರೆಯ ಲ್ಯಾಬಿನಲ್ಲಿ ತಂಗಿಯ ಕೈಗೆ ಬಗ್ಗದ ವಸ್ತು ಒಂದೇ, ಕೊಬ್ಬು. ಆಪರೇಷನ್ ಮಾಡಿ ತೆಗೆದ ತುಣುಕನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಮೇಲೆ ಹರಡುವುದು ಅವಳ ಕೆಲಸ. ಕೊಬ್ಬಿದ್ದರೆ ಮೇಣ ಹಿಡಿಯದು, ಬ್ಲೇಡು ಜಾರುತ್ತದೆ, ಅರ್ಧ ದಿನದ ದುಡಿಮೆ ಮಣ್ಣುಪಾಲು. ಹೇಗೋ ಸಂಭಾಳಿಸಿದರೂ ಸೂಕ್ಷ್ಮದರ್ಶಕದಲ್ಲಿ ಕಾಣುವುದೇನು? ಬರೀ ಖಾಲಿ ಉಂಗುರಗಳು. ದಂಡದ ಜಾಗ ಎಂದು ಅವಳು ಗೊಣಗಿಕೊಳ್ಳುತ್ತಿದ್ದಳು.

ಅಕ್ಕನಿಗೂ ಅದನ್ನೇ ಹೇಳಿದ್ದಳು. ಅಕ್ಕ ಮೊದಲೇ ದುಂಡಗಿದ್ದವಳು. ಮುಟ್ಟು ನಿಂತ ಮೇಲಂತೂ ಇನ್ನಷ್ಟು ಮೈ ಬಂತು. ತಾನು ಬಾಗಿಲಲ್ಲಿ ನಿಂತರೆ ಹಿಂದಿನವರಿಗೆ ಬೀದಿ ಕಾಣದು ಎಂದು ತಾನೇ ಹೇಳಿ, ಬೇರೆಯವರಿಗಿಂತ ಮೊದಲು ತಾನೇ ನಕ್ಕುಬಿಡುತ್ತಿದ್ದಳು.

"ಸುಮ್ಮನೆ ಕೂತಿರೋ ಸರಕು ಅಕ್ಕಾ ಅದು. ಏನೂ ಮಾಡಲ್ಲ, ತಲೆ ಕೆಡಿಸ್ಕೋಬೇಡ," ಎಂದು ತಂಗಿ ಲ್ಯಾಬಿನವಳ ಗತ್ತಿನಲ್ಲಿ ಸಮಾಧಾನ ಮಾಡಿದ್ದಳು.

ಈಗ ಅಕ್ಕನ ಎದೆಯಲ್ಲಿ ಗಂಟು ಸಿಕ್ಕಿ, ಆಪರೇಷನ್ ಆಗಿ, ಗಾಯವೂ ಮಾಗಿತ್ತು. ಹಾರ್ಮೋನಿನ ಬಲದಲ್ಲಿ ಬೆಳೆಯುವ ಕ್ಯಾನ್ಸರ್ ಇದು, ದಿನಕ್ಕೊಂದು ಮಾತ್ರೆ ವರ್ಷಗಟ್ಟಲೆ ನುಂಗಬೇಕು, ಬಿಟ್ಟರೆ ಮರಳಿ ಬರುವ ಭಯ ಹೆಚ್ಚು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅಕ್ಕ ಮಾತ್ರೆಯ ಡಬ್ಬಿಯ ಮುಚ್ಚಳವನ್ನೇ ತೆಗೆದಿರಲಿಲ್ಲ.

"ಮುಟ್ಟು ನಿಂತು ಯಾವ ಕಾಲ ಆಯ್ತು. ಬಾಗಿಲು ಹಾಕಿರೋ ಅಂಗಡಿ ಮುಂದೆ ಬಂದು ವ್ಯಾಪಾರ ನಿಲ್ಲಿಸಿ ಅಂದ ಹಾಗಾಯ್ತು. ನನ್ನೊಳಗೆ ಹಾರ್ಮೋನು ಎಲ್ಲಿಂದ ಬರಬೇಕು?"

ಒಳಗೊಳಗೇ ತಂಗಿಗೂ ಹಾಗೇ ಅನ್ನಿಸಿತ್ತು, ಅಕ್ಕ ಮಾತ್ರೆ ಬಿಟ್ಟೇಬಿಡುತ್ತಾಳೆಂದು ಹೆದರಿಕೆಯಾದದ್ದೂ ಅದಕ್ಕೇ. ಮರುದಿನ ಲ್ಯಾಬಿನ ಡಾಕ್ಟರಮ್ಮನನ್ನು ಕೇಳಿದಳು. ಅವರು ಅಕ್ಕನ ಸ್ಲೈಡನ್ನೇ ಸೂಕ್ಷ್ಮದರ್ಶಕದಡಿ ಇಟ್ಟು, ನೋಟವನ್ನು ಗಂಟಿನಾಚೆ ದಾಟಿಸಿ, ಪಕ್ಕದ ಉಂಗುರಗಳ ಮೇಲೆ ನಿಲ್ಲಿಸಿದರು.

"ಇಲ್ಲಿಂದ."

"ಇದು ಕೊಬ್ಬಲ್ವಾ ಮೇಡಂ? ಖಾಲಿ."

"ಖಾಲಿ ಮಾಡಿದ್ದು ನೀವೇ ಅಲ್ವೇನಮ್ಮ? ಮೇಣ ಹಿಡೀಲಿ ಅಂತ ದ್ರಾವಣದಲ್ಲಿ ನೆನೆಸಿ ಜಿಡ್ಡನ್ನೆಲ್ಲ ತೊಳೆದುಬಿಡ್ತೀರಿ. ಮೈಯೊಳಗಿದ್ದಾಗ ಇದು ತುಂಬಿತ್ತು. ಕೆಲಸಾನೂ ಮಾಡ್ತಿತ್ತು."

ತಂಗಿಯ ಮುಖ ಸಣ್ಣದಾಯಿತು. ತನ್ನ ಕೈಯಾರೆ ತೊಳೆದು, ತಾನೇ ಖಾಲಿ ಎಂದು ಹೀಗಳೆದದ್ದು. ಡಾಕ್ಟರಮ್ಮ ಬಿಡಿಸಿ ಹೇಳಿದರು. ಅಂಡಾಶಯ ಕೆಲಸ ನಿಲ್ಲಿಸಿದ ಮೇಲೂ ಮೂತ್ರಪಿಂಡದ ನೆತ್ತಿಯ ಮೇಲಿನ ಪುಟ್ಟ ಗ್ರಂಥಿ ಬೇರೊಂದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಕೊಬ್ಬು ಅದನ್ನು ಹಿಡಿದು, ಈ ಕ್ಯಾನ್ಸರನ್ನು ಬೆಳೆಸುವ ಈಸ್ಟ್ರೋಜನ್ ಹಾರ್ಮೋನಾಗಿ ಮಾಡುತ್ತದೆ. ಕೊಬ್ಬು ಹೆಚ್ಚಿದಷ್ಟೂ ತಯಾರಿ ಹೆಚ್ಚು. ಮಾತ್ರೆ ತಡೆಯುವುದು ಆ ತಯಾರಿಯನ್ನು.

ತಂಗಿ ಮತ್ತೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದಳು. ಇಷ್ಟು ವರ್ಷ ಬೈದುಕೊಂಡ ಜಾಗದಲ್ಲಿ ಸದ್ದಿಲ್ಲದೆ ಒಂದು ಕಾರ್ಖಾನೆ ನಡೆದಿತ್ತು. ಬಹಳ ಹೊತ್ತು ಕಣ್ಣು ಕೀಳಲಾಗಲಿಲ್ಲ.

ಡಾಕ್ಟರಮ್ಮನ ಒಪ್ಪಿಗೆ ಪಡೆದು ಸಂಜೆ ಅಕ್ಕನನ್ನು ಕರೆತಂದಳು. ಸ್ಟೂಲು ತನ್ನ ಭಾರ ತಡೆದೀತೇ ಎಂದು ಅಕ್ಕ ಮೊದಲು ವಿಚಾರಿಸಿಕೊಂಡಳು. ಆಮೇಲೆ ಬಗ್ಗಿ ನೋಡಿದಳು. ತಂಗಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ನಗಲಿಲ್ಲ.

"ಹಾಗಾದ್ರೆ ನನ್ನ ಮೈಯೇ ನನಗೆ ಎರಡು ಬಗೀತಾ?"

"ಹಾಗನ್ಬೇಡಿ," ಎಂದರು ಡಾಕ್ಟರಮ್ಮ. "ತೆಳ್ಳಗಿರೋರಿಗೂ ಬರತ್ತೆ, ದಪ್ಪಗಿರೋರಿಗೆಲ್ಲ ಬರಲ್ಲ. ನಿಮಗೇ ಯಾಕೆ ಬಂತು ಅಂತ ಯಾರೂ ಖಚಿತವಾಗಿ ಹೇಳೋಕಾಗಲ್ಲ. ಕೊಬ್ಬು ತನ್ನ ಪಾಡಿಗೆ ಕೆಲಸ ಮಾಡತ್ತೆ. ಯಾರಿಗೆ ಉಪಯೋಗ, ಯಾರಿಗೆ ಅಪಾಯ ಅಂತ ಅದಕ್ಕೆ ಗೊತ್ತಾಗಲ್ಲ."

ಅಕ್ಕ ಮತ್ತೆ ಬಗ್ಗಿದಳು. ಈ ಸಲ ತುಂಬ ಹೊತ್ತು ನೋಡಿದಳು. ಒಂದು ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗಿ ಕೂತಿತು.

"ಜೀವಮಾನವೆಲ್ಲ ಇದನ್ನ ಬೈದೆ ಕಣೇ," ಎಂದಳು ಮೆಲ್ಲಗೆ. "ನೋಡಿದ್ರೆ, ಮಾಡೋರು ಕೈಬಿಟ್ಟ ಕೆಲಸಾನ ಯಾರೂ ಕೇಳದೇನೇ ಮೈಮೇಲೆ ಹಾಕ್ಕೊಂಡಿದೆ. ಅಮ್ಮ ಹೋದಾಗ ನಾನು ನಿನ್ನನ್ನ ಎತ್ಕೊಂಡ ಹಾಗೆ."

ತಂಗಿ ಅವಳ ಆ ಕೈಯ ಮೇಲೆ ತನ್ನ ಕೈಯಿಟ್ಟಳು.

ಮನೆಗೆ ಬಂದವಳೇ ಅಕ್ಕ ಡಬ್ಬಿ ತೆಗೆದು ಒಂದು ಮಾತ್ರೆಯನ್ನು ಅಂಗೈಗೆ ಹಾಕಿಕೊಂಡಳು.

"ಸಾಕು, ಇನ್ನು ಬಿಡು ಅಂತ ಅದಕ್ಕೂ ಯಾರಾದ್ರೂ ಹೇಳ್ಬೇಕಲ್ಲ," ಎಂದಳು. "ನನಗಂತೂ ಯಾರೂ ಹೇಳ್ಲಿಲ್ಲ. ನೀರು ಕೊಡು."

ತಂಗಿ ಲೋಟ ತುಂಬಿಸಿ ಅಕ್ಕನ ಕೈಗಿಟ್ಟಳು.