ಅವ್ವನನ್ನು ಇಳಿಸಿ ಹೋದ ಕಾರು

ನಾನು ಒಂದು ಕಾರು. ಬರೀ ಕಾರಲ್ಲ, ಕಣ್ಣು ಮಿಟುಕಿಸುವುದರೊಳಗೆ ನೂರರ ವೇಗ ಮುಟ್ಟುವ ಜಾತಿ. ಪುಣೆಯ ಆಚೆಗಿನ ಒಂದು ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದರು. ಮೈಗೆ ಕಡುನೀಲಿ ಬಣ್ಣ ಹೊಡೆದರು, ಹೊಟ್ಟೆಯನ್ನು ನೆಲದ ಹತ್ತಿರಕ್ಕೆ ಇಳಿಸಿದರು. ತಗ್ಗಿ ಕೂತಷ್ಟೂ ರಸ್ತೆಯನ್ನು ಬಿಗಿಯಾಗಿ ಹಿಡಿಯುತ್ತದೆ ಎಂದು ನನ್ನನ್ನು ಕಟ್ಟಿದವರು ಹೊಗಳಿದರು. ಆ ಹೊಗಳಿಕೆ ನನ್ನ ತಲೆಗೇರಿತು. ಎತ್ತರದ ಗಾಡಿಗಳನ್ನು ಕಂಡರೆ ನನಗೆ ಅಂದಿನಿಂದಲೂ ತಾತ್ಸಾರ.

ಮೊದಲ ಯಜಮಾನ ಪುಣೆಯ ಕಂತ್ರಾಟುದಾರ. ಭಾನುವಾರ ಬೆಳಿಗ್ಗೆ ಹೆದ್ದಾರಿಗೆ ಒಯ್ದು ಮನಸಾರೆ ಓಡಿಸುತ್ತಿದ್ದ, ಉಳಿದ ದಿನ ಮುಸುಕು ಹೊದಿಸಿ ನಿಲ್ಲಿಸುತ್ತಿದ್ದ. ಐದೇ ವರ್ಷಕ್ಕೆ ಅವನಿಗೆ ನಾನು ಹಳಸಿ ಹೋದೆ. ಹಳೇ ಕಾರುಗಳ ಬಜಾರಿನಲ್ಲಿ ಧೂಳು ತಿನ್ನುತ್ತ ನಿಂತಿದ್ದಾಗ ಹುಬ್ಬಳ್ಳಿಯಿಂದ ಮಹಾಂತೇಶ ಯಲಿಗಾರ ಬಂದ. ಚಷ್ಮಾ ಅಂಗಡಿಯವನು. ಇಪ್ಪತ್ತು ವರ್ಷ ಸ್ಟೂಲಿನ ಮೇಲೆ ಕೂತು ಮಂದಿಯ ಕಣ್ಣಿಗೆ ಗಾಜು ಜೋಡಿಸಿದ ಮನುಷ್ಯ. ನನ್ನ ಸುತ್ತ ಮೂರು ಸಲ ತಿರುಗಿದ, ಒಳಗೆ ಕೂತ, ಆಕ್ಸಿಲರೇಟರ್ ಒತ್ತಿದ. ನಾನು ಗುರ್ ಎಂದೆ. ಅಲ್ಲಿಗೆ ಅವನ ಕಥೆ ಮುಗಿಯಿತು.

ನನ್ನನ್ನು ಕೊಳ್ಳಲು ಅವನು ಮನೆಯಲ್ಲಿದ್ದ ಎತ್ತರದ ಹಳೇ ವ್ಯಾನು ಮಾರಿದ್ದ. ಅವನ ತಾಯಿ ನೀಲಗಂಗವ್ವ ಪ್ರತಿ ಬುಧವಾರ ಅಕ್ಕನ ಬಳಗಕ್ಕೆ ವಚನ ಹಾಡಲು ಹೋಗುತ್ತಿದ್ದುದು ಆ ವ್ಯಾನಿನಲ್ಲೇ. ಎಪ್ಪತ್ತನಾಲ್ಕು ವರ್ಷ, ಎರಡೂ ಮೊಣಕಾಲು ನೋವು. ಆದರೂ ಬಳಗದಲ್ಲಿ ಮೊದಲ ದನಿ ಎತ್ತುವವಳು ಅವಳೇ. ವಾರಕ್ಕೊಮ್ಮೆ ಮನೆಯಿಂದ ಹೊರಬೀಳುವುದೆಂದರೆ ಅದೊಂದೇ.

"ದಿನಾ ಓಡ್ಸಾಕ ಇಂಥಾ ಗಾಡಿ ಯಾಕ್ರೀ? ಅತ್ತಿಯವ್ರು ಹೆಂಗ ಹತ್ತತಾರ ಇದನ್ನ?" ಎಂದು ಹೆಂಡತಿ ಸುವರ್ಣಾ ಕೇಳಿದಳು.

"ಅವ್ವನ ಸಲುವಾಗೇ ತಂದೀನಿ. ಸೀಟ್ ನೋಡು, ಹಾಸಿಗಿ ಇದ್ದಂಗ ಅದಾವ."

ಹಸೀ ಸುಳ್ಳು. ನನ್ನ ಎದುರಿಗೇ ಹೇಳಿದ. ನನಗೇನೂ ನಾಚಿಕೆಯಾಗಲಿಲ್ಲ, ಖುಷಿಯೇ ಆಯಿತು.

ಪಾಪ, ಅವ್ವ ಮೊದಲು ಸೀಟಿನ ಮೇಲೆ ಕುಸಿಯುತ್ತಿದ್ದಳು, ಆಮೇಲೆ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಳ್ಳುತ್ತಿದ್ದಳು. ಇಳಿಯುವಾಗ ಮಗ ಎರಡೂ ಕೈ ಹಿಡಿದು ಎಳೆಯಬೇಕು. "ಬಾವ್ಯಾಗಿಂದ ಕೊಡ ಸೇದಿದಂಗ ಸೇದ್ತೀಯಲ್ಲೋ ನನ್ನ" ಎಂದು ನಗುತ್ತಿದ್ದಳು. ನೋವಾಯಿತೆಂದು ಒಂದು ದಿನವೂ ಹೇಳಲಿಲ್ಲ.

ಅವರ ಓಣಿಯ ಬಾಯಲ್ಲಿ ಕನ್ನಡ ಶಾಲೆ. ಅದರ ಮುಂದೆ ರಸ್ತೆಗೆ ಅಡ್ಡಲಾಗಿ ಒಂದು ಹಂಪು, ಯಾವ ಪುಣ್ಯಾತ್ಮ ಹಾಕಿಸಿದನೋ, ಎಮ್ಮೆ ಮಲಗಿದಷ್ಟು ಎತ್ತರ. ಮೊದಲ ದಿನವೇ ಮನೆಮಂದಿಯನ್ನೆಲ್ಲ ಹೊತ್ತು ದಾಟುವಾಗ ನನ್ನ ಹೊಟ್ಟೆ ಪರ್ರೆಂದು ಉಜ್ಜಿತು. ಮಹಾಂತೇಶ ತನ್ನ ಎದೆಯನ್ನೇ ಯಾರೋ ಗೀರಿದಂತೆ ಮುಖ ಮಾಡಿದ. ಅಂದಿನಿಂದ ಆ ಜಾಗ ಬಂದರೆ ಸಾಕು, "ಇಳೀರಿ, ಇಳೀರಿ." ಹೆಂಡತಿ, ಮಗಳು ಇಳಿದು ನಡೆದು ದಾಟುತ್ತಿದ್ದರು. ನಾನು ಮದುಮಗನ ಹಾಗೆ ಹಗುರಾಗಿ, ಓರೆಯಾಗಿ ದಾಟುತ್ತಿದ್ದೆ.

ಒಂದು ಬುಧವಾರ ಅವ್ವನ ಜೊತೆ ಬಳಗದ ಇಬ್ಬರು ಗೆಳತಿಯರಿದ್ದರು. ಅವರನ್ನೂ ಇಳಿಸಿದ. ಮೂವರು ಮುದುಕಿಯರು ಸೀರೆ ಎತ್ತಿ ಹಿಡಿದು, ಒಬ್ಬರಿಗೊಬ್ಬರು ಆತುಕೊಂಡು ಹಂಪು ದಾಟಿದರು. "ಏ ನೀಲಗಂಗಾ, ನಿನ್ನ ಮಗ ನಮ್ಮನ್ನ ಹೊರೂ ಗಾಡಿ ತಂದಾನೋ, ನಾವು ಹೊರೂ ಗಾಡಿ ತಂದಾನೋ?" ಎಂದು ಅವರಲ್ಲೊಬ್ಬಳು, ಗುರುಸಿದ್ದವ್ವ, ಚಾಷ್ಟಿ ಮಾಡಿದಳು. ಅವ್ವನೂ ನಕ್ಕಳು.

ಮುಂದಿನ ವಾರದಿಂದ ಅವನು ಹೇಳುವ ಮೊದಲೇ ಬಾಗಿಲು ತೆರೆದು, ಅದನ್ನೇ ಆತುಕೊಂಡು ಕಷ್ಟಪಟ್ಟು ತಾನೇ ಇಳಿಯತೊಡಗಿದಳು. "ತಡಿ ಮಾಂತು, ಇಳಿತೀನಿ." ಅವಳೊಬ್ಬಳೇ ಇದ್ದರೂ ಇಳಿಯುತ್ತಿದ್ದಳು. ಒಬ್ಬಳೇ ಇದ್ದರೆ ಇಳಿಯುವ ಅಗತ್ಯವೇ ಇರಲಿಲ್ಲ, ಹಿಡಿಯಷ್ಟು ಜೀವ ಅದು. ಮಗಳೊಬ್ಬಳನ್ನೇ ಕೂರಿಸಿಕೊಂಡು ಎಷ್ಟೋ ಸಲ ದಾಟಿದ್ದ ಮಹಾಂತೇಶನಿಗೂ ಅದು ಗೊತ್ತು. "ಬ್ಯಾಡವ್ವಾ, ಕೂಡು" ಎಂಬ ಎರಡು ಮಾತು ಅವನ ಬಾಯಿಂದ ಬರಲಿಲ್ಲ. ಎಲ್ಲಾದರೂ ತಾಗಿಬಿಟ್ಟರೆ ಎಂಬ ಜೀವಭಯ ಅವನಿಗೆ. ಜೀವ ಅವನದಲ್ಲ, ನನ್ನದು.

ಹೀಗೇ ಇನ್ನೊಂದು ಬುಧವಾರ ಅವ್ವ ಇಳಿದಳು, ನೆನಪಿನಿಂದ ಬಾಗಿಲು ಹಾಕಿದಳು. ನಾನು ಹಂಪು ದಾಟಿದೆ. ಅಷ್ಟರಲ್ಲಿ ಅಂಗಡಿಯಿಂದ ಫೋನು ಬಂತು. ಮಾತಾಡುತ್ತಲೇ ಅವನು ಕಾಲು ಒತ್ತಿದ. ಮುಂದೆ ಹೊಸ ರಸ್ತೆ, ನಾಯಿ ಕೂಡ ಅಡ್ಡವಿಲ್ಲ. ನಾನು ಹಾರಿದೆ. ಫೋನು ಮುಗಿದ ಮೇಲೆ, "ಅವ್ವಾ, ಥಂಡಿ ಜಾಸ್ತಿ ಆತೇನ?" ಎಂದ. ಉತ್ತರವಿಲ್ಲ. ಊಟದ ಮೇಲೆ ತೂಕಡಿಸುವ ರೂಢಿ ಅವಳದು, ಅವನು ತಿರುಗಿ ನೋಡಲಿಲ್ಲ.

ಬಳಗದ ಬಾಗಿಲಲ್ಲಿ ಗುರುಸಿದ್ದವ್ವ ಬಂದು ನನ್ನ ಹಿಂದಿನ ಬಾಗಿಲು ತೆರೆದಳು. ಸೀಟಿನ ಮೇಲೆ ವಚನದ ಪುಸ್ತಕ, ಒಂದು ಚಷ್ಮಾ.

"ಮಾಂತು, ನಿಮ್ಮವ್ವ ಎಲ್ಲೋ?"

ಅವನ ಮುಖ ಸುಣ್ಣ ಬಳಿದಂತಾಯಿತು. ತಿರುಗಿಸಿ ಓಡಿಸಿದ ರೀತಿಗೆ ನನ್ನ ಚಕ್ರಗಳೇ ಕೂಗಿಕೊಂಡವು. ಅವ್ವ ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದಳು, ಬಿಸಿಯೂಟದ ಅಡುಗೆಯವಳು ನೀರು ಕೊಟ್ಟಿದ್ದಳು. ಮಗನನ್ನು ಕಂಡು ಏಳಲು ಹೋದಳು, ಆಗಲಿಲ್ಲ. ಅವನು ಮೆಟ್ಟಿಲ ಬಳಿ ಕುಸಿದು ಅವಳ ಮೊಣಕಾಲು ಹಿಡಿದುಕೊಂಡ.

"ಕೂಗಬೇಕಂದ್ನಿ. ದನೀನ ಬರ್ಲಿಲ್ಲ ನೋಡು," ಎಂದಳು ಅವ್ವ, ತಾನೇ ತಪ್ಪು ಮಾಡಿದವಳ ಹಾಗೆ. ಆಮೇಲೆ ನನ್ನ ಕಡೆ ನೋಡಿದಳು. "ಗಾಡಿಗೇನೂ ತಾಗ್ಲಿಲ್ಲಲ್ಲ?"

ಅವಳು ಬೈದಿದ್ದರೆ ಚೆನ್ನಾಗಿತ್ತು. ಮಹಾಂತೇಶ ಅಲ್ಲೇ, ಮಕ್ಕಳೆಲ್ಲ ನೋಡುತ್ತಿರುವಾಗ, ಬಿಕ್ಕಿ ಬಿಕ್ಕಿ ಅತ್ತ.

ಅವ್ವ ಮತ್ತೆ ನನ್ನೊಳಗೆ ಕೂರಲಿಲ್ಲ. ಬುಧವಾರ ಅವನೇ ಆಟೋ ಕರೆದು, ಅವಳ ಪಕ್ಕ ಕೂತು, ಬಳಗಕ್ಕೆ ಬಿಟ್ಟು ಬರುತ್ತಿದ್ದ. ಎರಡು ತಿಂಗಳಿಗೆ ನನ್ನನ್ನು ಮಾರಿದ. "ಯಾಕ ಕೊಡಾಕತ್ತೀರಿ? ಏನರ ತೊಂದರಿ ಐತೇನ್ರಿ?" ಎಂದು ಕೊಳ್ಳುವವನು ಕೇಳಿದ. ಮಹಾಂತೇಶ ಕೀಲಿ ಅವನ ಕೈಗಿಟ್ಟು, "ಗಾಡೀದೇನೂ ತಪ್ಪಿಲ್ರಿ" ಎಂದ.

ಆಮೇಲೆ ಇನ್ನೂ ಇಬ್ಬರ ಕೈ ದಾಟಿದೆ. ಈಗ ಒಂದು ಐಟಿಐ ಶೆಡ್ಡಿನ ಮೂಲೆಯಲ್ಲಿ, ಚಕ್ರವಿಲ್ಲದೆ, ಇಟ್ಟಿಗೆಗಳ ಮೇಲೆ ಕೂತಿದ್ದೇನೆ. ಕಲಿಯುವವರು ನನ್ನ ಎಂಜಿನು ಬಿಚ್ಚುತ್ತಾರೆ, ಜೋಡಿಸುತ್ತಾರೆ. ನನಗೆ ಮಾತ್ರ ಅವನ ಆ ಕೊನೆಯ ಮಾತು ಚುಚ್ಚುತ್ತಲೇ ಇದೆ. ನನ್ನ ಪ್ರತಿ ಸೀಟಿನ ಕೆಳಗೂ ಯಾರು ಕೂತರು, ಯಾರು ಎದ್ದರು ಎಂದು ತಿಳಿಯುವ ಸಾಧನವಿತ್ತು. ಬೆಲ್ಟು ಹಾಕದಿದ್ದರೆ ಕಿರುಚುತ್ತಿದ್ದೆ, ಬಾಗಿಲು ಸಡಿಲವಿದ್ದರೆ ಕಿರುಚುತ್ತಿದ್ದೆ. ಆ ದಿನ ಅವನು ಮರೆತಿದ್ದ, ನಾನು ಮರೆತಿರಲಿಲ್ಲ. ಹಿಂದಿನ ಸೀಟು ಖಾಲಿ ಇದೆ ಎಂದು ನನಗೆ ಗೊತ್ತಿತ್ತು. ಮೈ ಹಗುರಾಗಿತ್ತು, ರಸ್ತೆ ಖಾಲಿ ಇತ್ತು, ನನಗೆ ಓಡಬೇಕಿತ್ತು.