ತಳ್ಳಬ್ಯಾಡ್ರಿ

ಟಕ್, ಮತ್ತೆ ಅದೇ ಟಕ್, ಕೀ ತಿರುಗಿಸಿದರೆ ಬಾನೆಟ್ಟಿನೊಳಗೆ ಒಂದೇ ಒಂದು ಸದ್ದು, ಆಮೇಲೆ ಏನೂ ಇಲ್ಲ — ಕೆಂಪು ಧೂಳು ಹೊತ್ತ ಎಲೆಗಳು, ಇಳಿಜಾರಿನಲ್ಲಿ ಅದಿರು ಲಾರಿಯ ಬ್ರೇಕು, ಹಿಂದಿನ ಸೀಟಿನಲ್ಲಿ ಇವರ ಉಸಿರು. ಕೊಟ್ರಯ್ಯ. ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಮನಸ್ಸಿನಲ್ಲಿ ಹೇಳಿದರೆ ಯಾರಪ್ಪನ ಗಂಟು ಹೋಗುತ್ತದೆ, ಕೊಟ್ರಯ್ಯ, ಕೊಟ್ರಯ್ಯ. ಹೊಸಪೇಟೆಯಲ್ಲಿ ಡಯಾಲಿಸಿಸ್ ಮುಗಿಸಿ ಸಂಡೂರಿಗೆ ಹೊರಟಿದ್ದೇವೆ, ಹೊಟ್ಟೆ ತೊಳಸ್ತದ ನಿಲ್ಸು ಅಂದರು, ನಿಲ್ಲಿಸಿದೆ, ಬಂದ್ ಮಾಡಿದೆ, ಅಷ್ಟೇ, ಈಗ ಸೆಲ್ಫ್ ಎತ್ತುತ್ತಿಲ್ಲ. ನಾ ಹೇಳ್ಲಿಲ್ಲೇನು ಅನ್ನಪೂರ್ಣಾ, ಈ ಗಾಡಿ ನಂಬ್ಕೊಂಡು ಎಷ್ಟ್ ದಿನ ಅಂತ ಒದ್ದಾಡ್ತಿ, ಗುರುವಾರದಿಂದ ಡಯಾಲಿಸಿಸ್ಸಿಗೆ ನಾ ಬರಂಗಿಲ್ಲ, ಆದದ್ದಾಗ್ಲಿ ಅನ್ನುತ್ತಾರೆ. ಆದದ್ದಾಗಲಿಯಂತೆ! ಬಿಟ್ಟರೆ ಏನಾಗುತ್ತದೆ ಅಂತ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ, ಇವರಿಗೂ ಗೊತ್ತು, ನನಗೂ ಗೊತ್ತು. ಬಸ್ಸಿನ ನೂಕಾಟ ಇವರ ಮೈಗೆ ತಾಳುವುದಿಲ್ಲ ಅಂತಲೇ ನಾನು ಸ್ಟಿಯರಿಂಗ್ ಹಿಡಿದದ್ದು, ಒಂದು ಹಾಳು ಮೋಟಾರಿನ ನೆಪಕ್ಕೆ ಗಂಡನನ್ನು ಬಿಟ್ಟುಕೊಡುವವಳಲ್ಲ ನಾನು.

ಯೋಚನೆ ಮಾಡು ಅನ್ನಪೂರ್ಣ, ಸಿಟ್ಟು ಆಮೇಲೆ. ಬೆಳಿಗ್ಗೆ ತಣ್ಣಗಿದ್ದಾಗ ಒಂದೇ ಏಟಿಗೆ ಎತ್ತುತ್ತದೆ, ಓಡಿ ಬಿಸಿಯಾದ ಮೇಲೆ ನಿಲ್ಲಿಸಿದರೆ ಮುನಿಸು, ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಎತ್ತುತ್ತದೆ. ಮೆಕ್ಯಾನಿಕ್ ರಾಮಾಂಜಿನಿ ಬ್ಯಾಟರಿ ಬದಲಾಯಿಸಿದ, ಸೆಲ್ಫ್ ಬಿಚ್ಚಿ ರಿಪೇರಿ ಮಾಡಿದ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಪಾಪ ಅವನಾದರೂ ಏನು ಮಾಡಿಯಾನು, ನನ್ ಹತ್ರ ತಂದಾಗ ಒಂದ್ ಸಲನೂ ಕೈಕೊಡಂಗಿಲ್ಲಕ್ಕಾ, ಕೆಟ್ಟಾಗ ಹಿಡಿದ್ರ ಮಾತ್ರ ಗೊತ್ತಾಗ್ತದ ಅಂದಿದ್ದ. ಈಗ ಕೆಟ್ಟಿದೆ. ಈಗ ನನ್ನ ಕೈಯಲ್ಲಿದೆ. ಲಾರಿ ನಿಂತಿತು, ಡ್ರೈವರು ತಲೆ ಹೊರಗೆ ಹಾಕಿದ, ತಳ್ಳಬೇಕೇನಕ್ಕಾ, ಬ್ಯಾಡಪ್ಪಾ, ತಳ್ಳಬ್ಯಾಡ್ರಿ, ಹೋಗ್ರಿ ನೀವು. ಲೇ ಹುಚ್ಚೀ, ತಳ್ಳಲಿ ಬಿಡು, ಜಲ್ದಿ ಮನೀಗೆ ಹೋಗೂಣು ಅಂತ ಇವರು. ತಳ್ಳಿದರೆ ಹೊರಡುತ್ತದೆ ಮಾರಾಯರೇ, ಹೊರಟರೆ ರೋಗ ಮತ್ತೆ ಅಡಗಿ ಕೂರುತ್ತದೆ, ಗುರುವಾರ ಮತ್ತೆಲ್ಲೋ ನಡುದಾರಿಯಲ್ಲಿ ಇಣುಕುತ್ತದೆ, ಇವತ್ತು ಬಿಡುವುದಿಲ್ಲ. ಹಾರ್ನ್ ಒತ್ತಿದೆ, ಗುಡ್ಡ ಮಾರ್ದನಿಸುವಷ್ಟು ಗಟ್ಟಿ, ಕೀ ತಿರುಗಿಸಿದಾಗಲೂ ಮೀಟರಿನ ದೀಪ ಮಂಕಾಗಲಿಲ್ಲ, ಅಂದರೆ ಬ್ಯಾಟರಿ ಗಟ್ಟಿಯಿದೆ, ಟಕ್ ಅನ್ನುತ್ತದೆ ಅಂದರೆ ಕೀ ಮಾತು ಕೇಳುತ್ತಿದೆ, ಹಾಗಾದರೆ ಕರೆಂಟು ಮೋಟಾರಿಗೆ ಹೋಗುವಾಗಲೋ ವಾಪಸ್ಸು ಬರುವಾಗಲೋ ಎಲ್ಲೋ ದಾರಿ ಕಟ್ಟಿದೆ — ಹೋಗುವ ವೈರು ರಾಮಾಂಜಿನಿ ಬಿಗಿ ಮಾಡಿದ್ದಾನೆ, ಬರುವ ದಾರಿಯನ್ನು ಯಾರು ನೋಡಿದರು? ಡಿಕ್ಕಿಯಲ್ಲಿ ಕರಿ ಕೇಬಲ್ ಇದೆ, ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ನೇರ ಇಂಜಿನ್ನಿನ ಕಬ್ಬಿಣಕ್ಕೆ, ಕೈ ಚುರ್ ಅಂದಿತು, ಅನ್ನಲಿ, ಈಗ ಕೀ — ಎತ್ತಿತು! ಒಂದೇ ಏಟಿಗೆ! ಬಂದ್ ಮಾಡಿದೆ, ಕೇಬಲ್ ತೆಗೆದೆ, ಕೀ, ಟಕ್. ಸಿಕ್ಕಿಬಿದ್ದೆಯಾ ಕಳ್ಳ.

ಇಂಜಿನ್ನಿನಿಂದ ಗಾಡಿಯ ಮೈಗೆ ಬರುವ ಅರ್ತ್ ವೈರು, ಕರೆಂಟು ವಾಪಸ್ಸು ಬರುವ ದಾರಿ, ಒಂದು ಬೋಲ್ಟು, ಸ್ಪ್ಯಾನರ್ ಹಾಕಿ ಬಿಚ್ಚಿದರೆ ಕೆಳಗೆ ಬೆಳ್ಳಿ ಬಣ್ಣ, ದಪ್ಪಗೆ, ನುಣ್ಣಗೆ. ಅಯ್ಯೋ. ಆಯುಧಪೂಜೆಯ ಹಿಂದಿನ ದಿನ ಇವರು ಸ್ಟೂಲು ಹಾಕಿಕೊಂಡು ಕೂತು ಬಾನೆಟ್ಟಿನ ಒಳಗೆಲ್ಲ ಸಣ್ಣ ಬ್ರಶ್ಶಿನಲ್ಲಿ ಬಳಿದದ್ದು, ಲಾರಿ ಓಡಿಸುವುದು ಬಿಟ್ಟ ಮೇಲೆ ಇವರ ಕೈಗೆ ಸಿಕ್ಕ ಒಂದೇ ಒಂದು ಕೆಲಸ, ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದ ಹಾಗೆ ವೈರನ್ನೂ ಬಿಚ್ಚಿ ಅದರ ಕೆಳಗೂ ಬಳಿದು ಮತ್ತೆ ಬಿಗಿದಿದ್ದಾರೆ, ಬಣ್ಣ ಕರೆಂಟು ಬಿಡುತ್ತದೆಯೇ, ತಣ್ಣಗಿದ್ದಾಗ ಬೋಲ್ಟಿನ ಸಂದಿಯಲ್ಲಿ ಅಷ್ಟಿಷ್ಟು ಹರಿದಿರಬೇಕು, ಬಿಸಿಯಾದಾಗ ಅದೂ ಇಲ್ಲ. ಹೇಳಲೋ ಬೇಡವೋ, ಧೂಳು ಕೂತಿತ್ತು ಅಂದುಬಿಡಲೇ, ಸಂಡೂರಿನಲ್ಲಿ ಧೂಳು ಅಂದರೆ ಯಾರಾದರೂ ನಂಬುತ್ತಾರೆ — ಸ್ಕ್ರೂಡ್ರೈವರಿನ ತುದಿಯಿಂದ ಕೆರೆಯುತ್ತಿದ್ದೇನೆ, ಬೆಳ್ಳಿ ಚಕ್ಕೆ ಉದುರುತ್ತಿದೆ, ಬರಿಯ ಲೋಹ ಕಾಣುತ್ತಿದೆ, ಹಿಂದಿನ ಬಾಗಿಲು ತೆಗೆದ ಸದ್ದು. ಇಳಿಯಬ್ಯಾಡ್ರೀ ಅಂದೆ, ಕೇಳಲಿಲ್ಲ, ಗಾಡಿ ಹಿಡಿದು ಹಿಡಿದು ಬಂದರು, ಬಗ್ಗಿದರು, ನೋಡಿದರು. ನನ್ನ ಪೇಂಟಾ? ಹೌದ್ರಿ, ನಿಮ್ಮ ಪೇಂಟ, ಬಳಿದು ಬಳಿದು ಮದುವೆ ಗಾಡಿ ಮಾಡಿಬಿಟ್ಟಿದ್ರಲ್ಲ ಇದನ್ನ ಅಂದೆ, ನಗಿಸಲು ಅಂದೆ. ಇವರು ನಗಲಿಲ್ಲ. ಪಟ್ಟಿ ಕಟ್ಟಿದ ಕೈ ಚಾಚಿ, ಕೆರೆದ ಜಾಗದ ಮೇಲೆ ಹೆಬ್ಬೆರಳಿಟ್ಟು, ನಿಧಾನಕ್ಕೆ ಉಜ್ಜಿದರು. ಆ ಕಡಿ ಮೂಲ್ಯಾಗ ಇನ್ನೂ ಉಳದದ ನೋಡು, ಪೂರಾ ಕೆರಿ, ಬೋಲ್ಟ್ ನಾ ಬಿಗೀತೀನಿ, ಗುರುವಾರ ನಡುದಾರ್‍ಯಾಗ ನಿಂತ್ರ ಹೆಂಗ. ಏನಂದರು? ಗುರುವಾರ ಅಂದರು. ಮೂಲೆ ಪೂರಾ ಕೆರೆದೆ, ಸ್ಪ್ಯಾನರ್ ಇವರ ಕೈಗೆ ಕೊಟ್ಟೆ. ಈಗ ಗಾಡಿ ಓಡುತ್ತಿದೆ, ಒಂದೇ ಏಟಿಗೆ ಎತ್ತಿತು, ಎದುರಿಗೆ ಲಾರಿ, ತಿರುವು, ಗೇರು ಇಳಿಸಬೇಕು, ಸಂಡೂರಿನ ದಾರಿ ಕಣ್ಣಿಗೆ ಸರಿಯಾಗಿ ಕಾಣುತ್ತಿಲ್ಲ, ಕಾಣುತ್ತಿರುವುದು ಹೆಬ್ಬೆರಳು, ಬರಿಯ ಲೋಹದ ಮೇಲೆ ಇವರ ಹೆಬ್ಬೆರಳು, ಉಗುರಿನ ಸಂದಿಯಲ್ಲಿ ಬೆಳ್ಳಿ ಚಕ್ಕೆ, ಉಜ್ಜುತ್ತಿರುವ ಹೆಬ್ಬೆರಳು —